ಹಳೆ ಲಾರಿಗೆ ಯಾವ ಟೈರು?

ನಿಂತಲ್ಲೇ ನಿಂತ ಲಾರಿಯ ಟೈರು ಸವೆಯುವುದಿಲ್ಲ, ಆದರೆ ಹಾಳಾಗುತ್ತದೆ. ಚಿಂತಾಮಣಿಯ ಟೊಮೆಟೊ, ಗೌರಿಬಿದನೂರಿನ ಮುಸುಕಿನ ಜೋಳ, ಚಿಕ್ಕಬಳ್ಳಾಪುರದ ಜಲ್ಲಿ ಹೊತ್ತು ದುಡಿದ ಹಳೆ ಲಾರಿಯನ್ನು ಮತ್ತೆ ರಸ್ತೆಗಿಳಿಸುವವರು ಮೊದಲು ತಿಳಿಯಬೇಕಾದ ಮಾತು ಇದು.

ಗಾಳಿಯಲ್ಲಿರುವ ಓಜೋನ್ ರಬ್ಬರಿನ ಅಣುಸರಪಳಿಗಳನ್ನು ಕತ್ತರಿಸುತ್ತದೆ. ಅದನ್ನು ತಡೆಯಲೆಂದೇ ರಬ್ಬರಿನೊಳಗೆ ಮೇಣ ಮತ್ತಿತರ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಚಕ್ರ ಉರುಳಿ ಟೈರು ಬಾಗುತ್ತಿದ್ದರೆ ಇವು ಹೊರಮೈಗೆ ಬರುತ್ತಲೇ ಇರುತ್ತವೆ. ಲಾರಿ ನಿಂತೇ ಇದ್ದರೆ ಆ ರಕ್ಷಣೆ ಕುಂದಿ, ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಹಾಗಾಗಿ ಗುಂಡಿ (ಟ್ರೆಡ್) ಎಷ್ಟು ಆಳ ಉಳಿದಿದೆ ಎಂದು ನೋಡುವ ಮೊದಲು ಟೈರಿನ ವಯಸ್ಸು ನೋಡಿ. ಪಕ್ಕದ ಗೋಡೆಯ ಮೇಲೆ 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಮೂರೇ ಅಂಕಿಗಳಿದ್ದರೆ 2000ಕ್ಕಿಂತ ಹಿಂದಿನದು. ಗುಂಡಿ ಹೊಸದರಂತಿದ್ದರೂ ಬೇಡ.

ಇನ್ನು ಅಳತೆ. 1954ರಲ್ಲಿ ಜೆಮ್‌ಶೆಡ್‌ಪುರದಲ್ಲಿ ಶುರುವಾದ ಟಾಟಾ–ಮರ್ಸಿಡಿಸ್ ಬೆಂಝ್ ಪರಂಪರೆಯ ಲಾರಿಗಳಲ್ಲಿ 9.00-20 ಸಾಮಾನ್ಯ. 9 ಎಂದರೆ ಇಂಚುಗಳಲ್ಲಿ ಟೈರಿನ ಅಂದಾಜು ಅಗಲ, 20 ರಿಮ್ಮಿನ ವ್ಯಾಸ. ನಡುವಿನ ಅಡ್ಡಗೆರೆ ಇದು ನೈಲಾನ್ ಟೈರು ಎನ್ನುತ್ತದೆ. ಅಲ್ಲಿ ಆರ್ ಇದ್ದರೆ ರೇಡಿಯಲ್. 16 ಪಿಆರ್ ಎಂದಿದ್ದರೆ ಒಳಗೆ ಹದಿನಾರು ಪದರ ಇದೆ ಎಂದಲ್ಲ. ಹತ್ತಿ ದಾರದ ಕಾಲದ ಲೆಕ್ಕದಲ್ಲಿ ಅಷ್ಟು ಪದರಕ್ಕೆ ಸಮನಾದ ಬಲ ಎಂದರ್ಥ.

ನೈಲಾನ್ ಟೈರಿನಲ್ಲಿ ದಾರದ ಪದರಗಳು ಓರೆಯಾಗಿ ಒಂದನ್ನೊಂದು ದಾಟುತ್ತವೆ. ಗೋಡೆ ಬಾಗಿದಾಗ ನೆಲ ಮುಟ್ಟುವ ಭಾಗವೂ ಹೊರಳಾಡಿ ಬಿಸಿಯಾಗುತ್ತದೆ. ಮಿಷೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್‌ನಲ್ಲಿ ದಾರಗಳು ಅಂಚಿನಿಂದ ಅಂಚಿಗೆ ನೇರ, ಮೇಲೆ ಉಕ್ಕಿನ ಪಟ್ಟಿ. ಹೀಗಾಗಿ ಬಿಸಿ ಕಡಿಮೆ, ಡೀಸೆಲ್ ಉಳಿತಾಯ, ಬಾಳಿಕೆ ಹೆಚ್ಚು. ಆದರೆ ಕ್ವಾರಿ ದಾರಿಯ ಚೂಪುಗಲ್ಲಿಗೆ ನೈಲಾನಿನ ದಪ್ಪ ಗೋಡೆಯೇ ಮೇಲು. ಹಳೆ ರಿಮ್ಮು, ಹಳೆ ಸ್ಟೀರಿಂಗು ರೂಪುಗೊಂಡದ್ದೂ ಅದಕ್ಕಾಗಿಯೇ. ರೇಡಿಯಲ್ಲೇ ಬೇಕೆಂದರೆ ಆರೂ ಚಕ್ರಕ್ಕೆ ಅದನ್ನೇ ಹಾಕಿ; ಟ್ಯೂಬು, ಫ್ಲ್ಯಾಪೂ ರೇಡಿಯಲ್‌ನದೇ ಇರಲಿ. ಒಂದೇ ಆಕ್ಸಲ್ಲಿನಲ್ಲಿ ಎರಡೂ ಬಗೆ ಸಲ್ಲದು.

ಮುಂದಕ್ಕೆ ಉದ್ದಗೆರೆಯ ರಿಬ್ ಟೈರು: ತಿರುವಿನಲ್ಲಿ ಪಕ್ಕಕ್ಕೆ ಜಾರದಂತೆ ಹಿಡಿಯುತ್ತದೆ. ಹಿಂದಕ್ಕೆ ಅಡ್ಡಗಟ್ಟೆಯ ಲಗ್: ಮಣ್ಣನ್ನು ಕಚ್ಚಿ ತಳ್ಳುತ್ತದೆ. ಹಿಂದಿನ ಜೋಡಿಯಲ್ಲಿ ಎರಡರ ಎತ್ತರವೂ ಸಮನಾಗಿರಬೇಕು. ಸುಮಾರು ಒಂದು ಮೀಟರ್ ವ್ಯಾಸದ ಈ ಟೈರುಗಳಲ್ಲಿ 6 ಮಿಲಿಮೀಟರ್ ವ್ಯತ್ಯಾಸವಿದ್ದರೂ ಪ್ರತಿ ಕಿಲೋಮೀಟರಿಗೆ ಹೆಚ್ಚುಕಡಿಮೆ 6 ಮೀಟರ್ ದೂರವನ್ನು ಯಾವುದಾದರೂ ಒಂದು ಟೈರು ಉಜ್ಜಿಕೊಂಡೇ ಸಾಗಬೇಕು. ಭಾರವೂ ದೊಡ್ಡದರ ಮೇಲೇ ಹೆಚ್ಚು ಬೀಳುತ್ತದೆ. ಹೊಸದರ ಪಕ್ಕ ರೀಟ್ರೆಡ್ ಮಾಡಿಸಿದ್ದನ್ನು ಜೋಡಿಸುವ ಮುನ್ನ ಅಳೆದು ನೋಡಿ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು ಟೈರನ್ನು ರಿಮ್ಮಿನ ಮೇಲೆ ಹಿಡಿದಿಡುವ ಲಾಕ್ ರಿಂಗ್. ತುಕ್ಕು ತಿಂದ ರಿಂಗು ಗಾಳಿ ತುಂಬುವಾಗ ಸಿಡಿದರೆ ಎದುರಿಗಿದ್ದವರ ಜೀವಕ್ಕೇ ಕುತ್ತು. ಕಬ್ಬಿಣದ ಪಂಜರದೊಳಗಿಟ್ಟೇ ಗಾಳಿ ತುಂಬುವ ಅಂಗಡಿಯನ್ನು ಹುಡುಕಿ. ಟೈರಿಗೆ ಹಣ ಹಾಕುವ ಮೊದಲು ಒಳ್ಳೆಯ ರಿಮ್ಮು, ರಿಂಗು ಕೊಳ್ಳಿ.