ದಮ್ಮು ಹಿಡಿ, ದಮ್ಮು ಬಿಡು: ಸ್ಕೂಬಾ ಕಲಿಸುವ ಕ್ರಮ ಮತ್ತು ಅದರ ಭಾಷೆ



ಸ್ಕೂಬಾ ಅಂದ್ರೆ ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು, ನೀರಿನಡಿ ಉಸಿರಾಡುತ್ತ ಮುಳುಗುವುದು. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಪುನೀತ್ ರಾಜ್‌ಕುಮಾರ್ ಹೀಗೆ ಮುಳುಗಿದ್ದನ್ನು 2022ರ 'ಗಂಧದ ಗುಡಿ'ಯಲ್ಲಿ ಹಲವರು ನೋಡಿರಬಹುದು. ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಕನ್ನಡದವರಿಗೆ ಸಮುದ್ರ ದೂರ. ನಮ್ಮ ಕಡೆ ನೀರಿನ ಪಾಠ ಆಗೋದು ಬಾವಿಯಲ್ಲಿ. ಬಾವಿಯ ಪಾಠದ ಮೊದಲ ಮಾತು ಸ್ಕೂಬಾದಲ್ಲಿ ತಿರುಗುಮುರುಗಾಗುತ್ತದೆ ಅನ್ನೋದೇ ಈ ಪ್ರಬಂಧದ ವಾದ.

ಬಾವಿಯಲ್ಲಿ ಸೊಂಟಕ್ಕೆ ಬೆಂಡು ಕಟ್ಟಿ, ಹಗ್ಗ ಹಿಡಿದು, ದೊಡ್ಡವರು ಹುಡುಗನನ್ನು ಇಳಿಸ್ತಾರೆ. 'ದಮ್ಮು ಹಿಡಿ, ಕೈಕಾಲು ಬಡಿ' ಅಂತಾರೆ. ಅಲ್ಲಿ ಆ ಮಾತು ಸರಿ. ಮೇಲೆ ಎಳೆದುಕೊಂಡ ಉಸಿರು ಆಳದಲ್ಲಿ ಕುಗ್ಗಿ, ಮೇಲೆ ಬಂದಾಗ ಮತ್ತೆ ಮೊದಲಿನಷ್ಟೇ ಆಗುತ್ತದೆ.

ಸ್ಕೂಬಾದಲ್ಲಿ ಉಸಿರು ಎಳೆಯೋದೇ ಆಳದಲ್ಲಿ. ಸಮುದ್ರದಲ್ಲಿ 10 ಮೀಟರ್ ಕೆಳಗೆ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಎಳೆದ 5 ಲೀಟರ್ ಗಾಳಿ ಮೇಲೆ ಬರುವಷ್ಟರಲ್ಲಿ 10 ಲೀಟರ್ ಆಗಲು ನೋಡುತ್ತದೆ. ದಮ್ಮು ಹಿಡಿದು ಏರಿದರೆ ಶ್ವಾಸಕೋಶ ಹರಿಯಬಹುದು. ಒಂದೆರಡು ಮೀಟರ್ ಏರಿದರೂ ಅಪಾಯವಿದೆ. ಆದ್ದರಿಂದ ಇಲ್ಲಿನ ಮೊದಲ ನಿಯಮ: ಉಸಿರು ಎಂದೂ ಬಿಗಿಹಿಡಿಯಬೇಡ.

ಕಲಿಸುವ ಹಂತಗಳೆಲ್ಲ ಈ ನಿಯಮದ ಸುತ್ತ ನಿಂತಿವೆ. ಮೊದಲು, ಎದ್ದು ನಿಂತರೆ ತಲೆ ಮೇಲಿರುವಂಥ ಕೊಳದಲ್ಲಿ ಬಾಯಿಂದ ನಿಧಾನವಾಗಿ ಉಸಿರಾಡೋದು. ಆಮೇಲೆ ಗಾಳಿ ಕೊಡುವ ರೆಗ್ಯುಲೇಟರನ್ನು ಬಾಯಿಂದ ತೆಗೆದು ಮತ್ತೆ ಇಟ್ಟುಕೊಳ್ಳೋದು. ತೆಗೆದಾಗಲೂ ಸಣ್ಣ ಗುಳ್ಳೆ ಬಿಡುತ್ತಲೇ ಇರಬೇಕು. ಇಟ್ಟುಕೊಂಡು ಜೋರಾಗಿ ಊದಿದರೆ ಒಳಗಿನ ನೀರು ಹೊರಹೋಗುತ್ತದೆ; ಊದಲು ಉಸಿರಿಲ್ಲದಿದ್ದರೆ ಅದರ ಮೇಲಿನ ಗುಂಡಿ ಒತ್ತಬೇಕು.

ಮೂರನೆಯದು ಮಾಸ್ಕ್. ಹೊಸಬರು ಹೆಚ್ಚು ಗಾಬರಿಯಾಗೋದು ಇಲ್ಲೇ. ಬೇಕಂತಲೇ ಒಳಗೆ ಸ್ವಲ್ಪ ನೀರು ಬಿಟ್ಟುಕೊಂಡು, ಮಾಸ್ಕಿನ ಮೇಲಂಚು ಒತ್ತಿ, ತಲೆ ಎತ್ತಿ, ಮೂಗಿನಿಂದ ಉಸಿರು ಬಿಡಬೇಕು. ಗಾಳಿ ಮೇಲೆ ತುಂಬುತ್ತ ನೀರನ್ನು ಕೆಳಗಿನಿಂದ ಹೊರದೂಡುತ್ತದೆ. ನಾಲ್ಕನೆಯದು ಕಿವಿ: ಇಳಿಯುವಾಗ ನೋವು ಶುರುವಾಗುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದೋದು. ಐದನೆಯದು ಮುಳುಗದೆ, ಏರದೆ ನಡುನೀರಲ್ಲಿ ನಿಲ್ಲೋದು. ಉಸಿರು ಎಳೆದರೆ ಮೈ ತುಸು ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಬಾವಿಯಲ್ಲಿ ಸೊಂಟದಲ್ಲಿದ್ದ ಬೆಂಡು ಇಲ್ಲಿ ಎದೆಯೊಳಗೇ ಇದೆ. ಕೊನೆಯದು ಏರೋದು: ನಿಮಿಷಕ್ಕೆ ಸುಮಾರು 9 ಮೀಟರಿನಂತೆ, ಉಸಿರಾಡುತ್ತಲೇ, 5 ಮೀಟರ್ ಆಳದಲ್ಲಿ 3 ನಿಮಿಷ ನಿಂತು.

ಇಷ್ಟನ್ನೂ ನೀರಿನಲ್ಲಿ ಮಾತಾಡಿ ಕಲಿಸಲಾಗದು. ಗುರು ದಡದಲ್ಲಿ ವಿವರಿಸ್ತಾರೆ, ನೀರಲ್ಲಿ ಮಾಡಿ ತೋರಿಸ್ತಾರೆ, ಶಿಷ್ಯ ಮಾಡ್ತಾನೆ. ಕೆಳಗೆ ಉಳಿಯೋದು ಸನ್ನೆ ಮಾತ್ರ. ಹೆಬ್ಬೆರಳು ಮೇಲೆತ್ತಿದರೆ ದಡದಲ್ಲಿ 'ಚೆನ್ನಾಗಿದೆ', ನೀರಲ್ಲಿ 'ಮೇಲೆ ಹೋಗೋಣ'. 'ಸರಿಯಿದೆ' ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಬೇಕು.

ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಮುಖ್ಯ ಅನಿಸಿದ್ದು ಇದು. 'ಈಕ್ವಲೈಸ್ ಮಾಡಿ' ಅಂದಾಗ ಅರ್ಥವಾಗದೆ ತಲೆ ಆಡಿಸಿದವನು ಮೂರು ಮೀಟರ್ ಕೆಳಗೆ ಕಿವಿ ನೋವಾದಾಗ ಯಾರನ್ನೂ ಕೇಳಲಾರ. 'ಮೂಗು ಹಿಡಿ, ಮೆಲ್ಲಗೆ ಊದು' ಅಂದರೆ ಅದು ಕೈಗೇ ಅರ್ಥವಾಗುತ್ತದೆ. ಹಾಗೆಯೇ ನಮ್ಮ ಕಡೆಯ ಹುಡುಗರಿಗೆ 'ಇಲ್ಲಿ ದಮ್ಮು ಹಿಡಿಬ್ಯಾಡ' ಅಂತ ಅವರ ಮಾತಲ್ಲೇ ಹೇಳಿ, ಯಾಕೆಂದೂ ತಿಳಿಸಬೇಕು. ಇಲ್ಲದಿದ್ದರೆ ಗಾಬರಿಯಲ್ಲಿ ಬಾವಿಯ ಹಳೆಯ ಪಾಠವೇ ಮೇಲೆ ಬರುತ್ತದೆ.

ಚರ್ಚೆಯಲ್ಲಿ ಒಬ್ಬ ಗುರುಗಳು ಕೇಳಿದರು: ಹಾಗಾದರೆ ಬಾವಿಯ ಈಜು ವ್ಯರ್ಥವೇ? ಅಲ್ಲ ಸರ್. ಪ್ಯಾಡಿ ಸಂಸ್ಥೆಯ ಮೊದಲ ಪ್ರಮಾಣಪತ್ರಕ್ಕೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಅಷ್ಟನ್ನು ಬಾವಿ ಕಲಿಸಿರುತ್ತದೆ. ಬಿಡಬೇಕಾದ್ದು ದಮ್ಮು ಹಿಡಿಯೋದೊಂದನ್ನೇ.