15 ವರ್ಷ ಯಾರೂ ಮುಟ್ಟಿ ನೋಡದ ಬೈಕು

"ಗಾಡಿ ಪಾಸ್ ಆಗತೈತೇನಲೇ ಇಂಜಿನಿಯರ್?"

ಕಳೆದ ಭಾನುವಾರ ತಂಗಡಗಿಯಲ್ಲಿ ನನ್ನ ಸೋದರಮಾವನ ಮಗ ಹೀಗೆ ಕೇಳಿದ. ಅವನದು ಹೀರೋ ಇಂಪಲ್ಸ್. 2011ರಲ್ಲಿ ಬಂದ, ಹೆಚ್ಚು ಮಾರಾಟವಾಗದೆ ಕೆಲವೇ ವರ್ಷಗಳಲ್ಲಿ ನಿಂತುಹೋದ 150 ಸಿಸಿ ಆಫ್‌ರೋಡ್ ಬೈಕು. ನಗರದ ಹುಡುಗರಿಗೆ ಅದು ಶೋಕಿ. ಕೃಷ್ಣೆಯ ದಂಡೆಯ ಎರೆಮಣ್ಣಿನಲ್ಲಿ ಹೊಲಕ್ಕೆ ಹೋಗಿ ಬರುವವನಿಗೆ ಎತ್ತು ಇದ್ದ ಹಾಗೆ. 2026ರ ಕೊನೆಗೆ ಅದಕ್ಕೆ 15 ತುಂಬುತ್ತದೆ.

ಕಾನೂನು ಸರಳವಾಗಿದೆ. ಮೋಟಾರು ವಾಹನ ಕಾಯ್ದೆ 1988ರ 41ನೇ ಸೆಕ್ಷನ್ ಪ್ರಕಾರ ಖಾಸಗಿ ವಾಹನದ ನೋಂದಣಿ 15 ವರ್ಷ ಮಾನ್ಯ. ಅವಧಿ ಮುಗಿಯುವ ಮುಂಚಿನ 60 ದಿನದೊಳಗೆ ಫಾರಂ 25ರಲ್ಲಿ ಅರ್ಜಿ ಹಾಕಬೇಕು, ಗಾಡಿ ತೋರಿಸಬೇಕು, ಪಾಸಾದರೆ ಇನ್ನೂ 5 ವರ್ಷ. ಬೈಕಿನ ನವೀಕರಣ ಶುಲ್ಕ 2022ರ ಏಪ್ರಿಲ್‌ವರೆಗೆ 300 ರೂಪಾಯಿ ಇತ್ತು, ಆಮೇಲೆ 1,000 ಆಯಿತು. 20 ವರ್ಷ ದಾಟಿದ ಬೈಕಿಗೆ 2025ರ ಆಗಸ್ಟ್‌ನಿಂದ 2,000. ತಡ ಮಾಡಿದರೆ ತಿಂಗಳಿಗೆ 300 ರೂಪಾಯಿ ಹೆಚ್ಚುವರಿ. ಇದರ ಮೇಲೆ ರಾಜ್ಯದ ಹಸಿರು ತೆರಿಗೆ ಬೇರೆ.

ಆರ್‌ಟಿಒಗೆ ಹೋಗುವ ಮೊದಲು ನಾವೇ ಒಂದು ತಪಾಸಣೆ ಮಾಡಿಬಿಡೋಣ ಅಂತ ಕೂತೆವು.

ಮೊದಲು ಕಣ್ಣಿಗೆ ಕಾಣೋದು. ಚಾಸಿ ನಂಬರ್ ಮೇಲೆ ಕೆಸರು ಒಣಗಿ ಗಟ್ಟಿಯಾಗಿತ್ತು, ಡೀಸೆಲ್ ಹಾಕಿ ಒರೆಸಿದೆವು. ಕನ್ನಡಿ ಒಂದೇ ಇತ್ತು. ಕೆಸರು ಸಿಕ್ಕಿಕೊಳ್ಳುತ್ತದೆ ಅಂತ ಸೀರೆ ಗಾರ್ಡ್ ಬಿಚ್ಚಿ ಹಾಕಿದ್ದ. ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಹಿಂದಿನ ಚಕ್ರದ ಕನಿಷ್ಠ ಅರ್ಧ ಭಾಗಕ್ಕೆ ರಕ್ಷಣೆ ಇರಲೇಬೇಕು. "ಅದೆಲ್ಲ ಸುಮ್ನ" ಅಂದ. ಮುದ್ದೇಬಿಹಾಳದ ಸಂತೆಗೆ ಹಿಂದೆ ಕೂತು ಹೋಗೋದು ಯಾರು ಅಂತ ಕೇಳಿದೆ. ಅವನವ್ವ. ಸೀರೆ ಉಡುವ ಅವ್ವ. ಮಾತಾಡಲಿಲ್ಲ.

ಹೊಗೆ ತಪಾಸಣೆಯ ಭಯ ಇರಲಿಲ್ಲ. 2000ದ ನಂತರದ ಹಳೆ ಫೋರ್‌ಸ್ಟ್ರೋಕ್ ಬೈಕುಗಳಿಗೆ ಇಂಗಾಲದ ಮೊನಾಕ್ಸೈಡ್ ಮಿತಿ ಶೇ. 3.5, ಹೈಡ್ರೋಕಾರ್ಬನ್ ಮಿತಿ 4,500 ಪಿಪಿಎಂ. ಏರ್ ಫಿಲ್ಟರ್ ಸ್ವಚ್ಛವಾಗಿ, ಕಾರ್ಬುರೇಟರ್ ಸರಿಯಾಗಿದ್ದರೆ ದಾಟುತ್ತದೆ.

ಆಮೇಲೆ ಕಣ್ಣಿಗೆ ಕಾಣದ್ದು. ಎಂಜಿನ್ ಕೆಳಗೆ ಮರದ ದಿಮ್ಮಿ ಕೊಟ್ಟು ಮುಂದಿನ ಚಕ್ರ ಎತ್ತಿದೆವು. ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿದರೆ ನಡುವೆ ಟಕ್ ಅಂತ ಹಿಡಿಯಿತು: ಸ್ಟೀರಿಂಗ್ ಬೇರಿಂಗ್ ಸವೆದಿದೆ. ಹಿಂದಿನ ಚಕ್ರ ಎತ್ತಿ ಪಕ್ಕಕ್ಕೆ ಅಲುಗಾಡಿಸಿದರೆ ಸ್ವಿಂಗ್‌ಆರ್ಮ್ ಸಮೇತ ಆಡಿತು: ಬುಷ್ ಮುಗಿದಿದೆ. ಹಿಂದಿನ ಡ್ರಮ್ ಬಿಚ್ಚಿದರೆ ಬ್ರೇಕ್ ಲೈನಿಂಗ್‌ಗಿಂತ ಮಣ್ಣೇ ಜಾಸ್ತಿ. ಆಫ್‌ರೋಡ್ ಬೈಕು ಸಾಯೋದು ಹೀಗೇ. ಎಂಜಿನ್ ಚೆನ್ನಾಗಿರುತ್ತದೆ, ಕೆಸರು ನೀರು ಹೊಕ್ಕ ಕೀಲುಗಳು ಹೋಗಿರುತ್ತವೆ. ರಾತ್ರಿ ದೀಪವಿಲ್ಲದ ಕಬ್ಬಿನ ಟ್ರೇಲರ್ ಎದುರಾದಾಗ ಜೀವ ಉಳಿಸಬೇಕಾದ್ದು ಈ ಕೀಲುಗಳೇ.

ನನ್ನ ತಕರಾರು ಇರೋದು ಇಲ್ಲಿ. ಖಾಸಗಿ ಬೈಕಿಗೆ ನಮ್ಮಲ್ಲಿ ಸಾಮಾನ್ಯವಾಗಿ ನಡೆಯೋದು ಕಣ್ಣಳತೆಯ ಪರೀಕ್ಷೆ: ನಂಬರ್ ಹೊಂದುತ್ತದಾ, ದೀಪ ಉರಿಯುತ್ತದಾ, ಹಾರ್ನ್ ಕೂಗುತ್ತದಾ. ಕನ್ನಡಿ ಇಲ್ಲದ್ದು ಸಿಕ್ಕಿಬೀಳುತ್ತದೆ, ಬುಷ್ ಇಲ್ಲದ್ದು ದಾಟಿಹೋಗುತ್ತದೆ. ಅದೂ 15 ವರ್ಷಕ್ಕೆ ಒಮ್ಮೆ! ಇಂಗ್ಲೆಂಡಿನಲ್ಲಿ ಬೈಕಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ತಪಾಸಣೆ ಇದೆ. ಸ್ಟೀರಿಂಗ್, ಚಕ್ರದ ಬೇರಿಂಗ್, ಸಸ್ಪೆನ್ಶನ್, ಬ್ರೇಕ್ ಎಲ್ಲವನ್ನೂ ನೋಡುತ್ತಾರೆ. ನಾವು ಸ್ಥಿತಿ ನೋಡಲ್ಲ, ವಯಸ್ಸು ನೋಡಿ ಶುಲ್ಕ ಏರಿಸುತ್ತೇವೆ. ಹಳೇ ಗಾಡಿ ಓಡಿಸೋರು ಹೊಸದು ಕೊಳ್ಳಲಾಗದವರು ಅನ್ನೋದನ್ನ ಮರೆತುಬಿಡುತ್ತೇವೆ.

ಶುಲ್ಕ, ಓಡಾಟ, ಒಂದು ದಿನದ ಕೂಲಿ ಲೆಕ್ಕ ಹಾಕಿ ಎಷ್ಟೋ ಜನ ನವೀಕರಣವನ್ನೇ ಬಿಡುತ್ತಾರೆ. ಅದರ ಬೆಲೆ ಗೊತ್ತಾಗೋದು ಅಪಘಾತದ ದಿನ. ನೋಂದಣಿ ಅವಧಿ ಮುಗಿದ ವಾಹನಕ್ಕೆ ಆದ ಹಾನಿಗೆ ವಿಮೆ ಕಂಪನಿ ಪರಿಹಾರ ಕೊಡಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಒಂದು ಪ್ರಕರಣದಲ್ಲಿ ಹೇಳಿದೆ.

ಹಾಗಾಗಿ ಕೇಳಬೇಕಾದ್ದು ರಿಯಾಯಿತಿಯಲ್ಲ. ತಾಲ್ಲೂಕಿಗೆ ಬರುವ ಸಂಚಾರಿ ತಪಾಸಣೆ ಬೇಕು. ಬೈಕು ಎತ್ತಿ, ಅಲುಗಾಡಿಸಿ, ಯಾವ ಕೀಲು ಹೋಗಿದೆ ಅಂತ ಕನ್ನಡದಲ್ಲಿ ಬರೆದುಕೊಡುವ ತಪಾಸಣೆ. ಅಂಥದ್ದಕ್ಕಾದರೆ 1,000 ರೂಪಾಯಿ ದುಬಾರಿ ಅನಿಸಲ್ಲ.

ಅವನ ಪ್ರಶ್ನೆಗೆ ನನ್ನ ಉತ್ತರ: ಕನ್ನಡಿ, ಗಾರ್ಡ್ ಹಾಕಿದರೆ ಈಗಲೇ ಪಾಸ್ ಆಗಬಹುದು. ಬುಷ್, ಬೇರಿಂಗ್, ಲೈನಿಂಗ್ ಹಾಕಿಸುವವರೆಗೆ ಮಾತ್ರ ಅವ್ವನನ್ನು ಹಿಂದೆ ಕೂರಿಸಬೇಡ.