ಬಾಂಬಿಗೆ ಗುರಿ ಕಲಿಸಿದ ರಸ್ತೆ

ಬೆಂಗಳೂರಿನ ಹಳೆ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೋಗುವ ಸುರಂಜನ್ ದಾಸ್ ರಸ್ತೆಯಲ್ಲಿ, ಹೊಸ ತಿಪ್ಪಸಂದ್ರದ ಮಗ್ಗುಲಿಗೆ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಎಡಿಇ ಎಂಬ ವೈಮಾನಿಕ ಪ್ರಯೋಗಾಲಯವಿದೆ. ಭಾರತದ ಮೊದಲ ಲೇಸರ್ ನಿರ್ದೇಶಿತ ಬಾಂಬು ‘ಸುದರ್ಶನ’ ರೂಪುಗೊಂಡದ್ದು ಇಲ್ಲೇ. 2010ರಲ್ಲಿ ಅದರ ಪರೀಕ್ಷೆ ನಡೆಯಿತು. 450 ಕಿಲೋದ ಸಾಮಾನ್ಯ ಬಾಂಬಿಗೆ ಮೂತಿಯಲ್ಲೊಂದು ಕಣ್ಣು, ಹಿಂದೆ ರೆಕ್ಕೆ ಜೋಡಿಸುತ್ತಾರೆ. ಗುರಿಯ ಮೇಲೆ ಲೇಸರ್ ಬೆಳಕು ಬಿಟ್ಟರೆ, ಅಲ್ಲಿಂದ ಚಿಮ್ಮಿ ಬರುವ ಬೆಳಕನ್ನು ಹಿಡಿದು ಬಾಂಬು ತಾನೇ ದಾರಿ ತಿದ್ದಿಕೊಳ್ಳುತ್ತದೆ. ಇಷ್ಟು ಕರಾರುವಾಕ್ಕಾದ ಆಯುಧವಿದ್ದರೆ ಅಮಾಯಕರು ಸಾಯುವುದಿಲ್ಲ ಎಂಬ ಮಾತನ್ನು ಯುದ್ಧದ ಸುದ್ದಿ ಬಂದಾಗಲೆಲ್ಲ ಕೇಳುತ್ತೇವೆ. ಬೆಂಗಳೂರಿನ ಈ ಪೂರ್ವ ಭಾಗದ ಚರಿತ್ರೆಯನ್ನು ಓದಿದವರಿಗೆ ಆ ಮಾತು ಅಷ್ಟು ಸುಲಭವಾಗಿ ಒಪ್ಪಿಗೆಯಾಗದು.

1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಇಲ್ಲಿ ಇಂದಿನ ಎಚ್‌ಎಎಲ್‌ನ ಮೂಲವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು. ಸಂಸ್ಥಾನ ಭೂಮಿಯನ್ನೂ ಕೊಟ್ಟಿತು, ಬಂಡವಾಳವನ್ನೂ ಹಾಕಿತು. ತಾಂತ್ರಿಕ ನೆರವಿಗೆ ಬಂದ ಅಮೆರಿಕದ ವಿಲಿಯಂ ಪಾಲಿ ಚೀನಾದ ಲೋಯ್‌ವಿಂಗ್‌ನಲ್ಲೂ ವಿಮಾನ ಕಾರ್ಖಾನೆ ನಡೆಸುತ್ತಿದ್ದವರು. ಅದರ ಮೇಲೆ ಅದೇ ವರ್ಷ ಜಪಾನಿ ವಿಮಾನಗಳು ಬಾಂಬು ಸುರಿದಿದ್ದವು. 1943ರಲ್ಲಿ ಬೆಂಗಳೂರಿನ ಕಾರ್ಖಾನೆ ಅಮೆರಿಕದ ವಾಯುಸೇನೆಯ ಕೈಗೆ ಹೋಯಿತು. ಬಿ-24, ಬಿ-25 ಬಾಂಬರುಗಳು ಇಲ್ಲಿ ದುರಸ್ತಿಯಾಗಿ ಮತ್ತೆ ಪೂರ್ವದ ರಣರಂಗಕ್ಕೆ ಮರಳಿದವು.

ಆ ಹೊತ್ತಿಗೆ ಊರುಗಳೇ ಗುರಿಯಾಗಿದ್ದವು. ನಾಗರಿಕರನ್ನು ಹೆದರಿಸಲೆಂದು ಬಾಂಬು ಹಾಕಬಾರದು ಎಂದು 1923ರಲ್ಲೇ ಹೇಗ್‌ನಲ್ಲಿ ನಿಯಮಗಳ ಕರಡು ಸಿದ್ಧವಾಗಿತ್ತು. ಅದು ಕರಡಾಗಿಯೇ ಉಳಿಯಿತು. 1941ರ ಡಿಸೆಂಬರಿನಲ್ಲಿ ಜಪಾನ್ ರಂಗೂನಿನ ಬೀದಿಗಳ ಮೇಲೆ ದಾಳಿ ಮಾಡಿತು. 1942ರ ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೂ ಬಾಂಬು ಬಿತ್ತು. 1945ರ ಮಾರ್ಚಿನ ಒಂದೇ ರಾತ್ರಿ ಅಮೆರಿಕದ ಬಾಂಬರುಗಳು ಟೋಕಿಯೊಗೆ ಹಚ್ಚಿದ ಬೆಂಕಿಯಲ್ಲಿ ಸುಮಾರು ಒಂದು ಲಕ್ಷ ಜನ ಸತ್ತರು. ನಿದ್ದೆಯಲ್ಲಿದ್ದವರನ್ನು ಕೊಂದ ಅಶ್ವತ್ಥಾಮ, ಉತ್ತರೆಯ ಬಸಿರಿಗೆ ಅಸ್ತ್ರ ತಿರುಗಿಸಿದ ಅಶ್ವತ್ಥಾಮ ನಮ್ಮ ನೆನಪಿನಲ್ಲಿ ಇಂದಿಗೂ ಶಾಪಗ್ರಸ್ತ. ಟೋಕಿಯೊ ಸುಟ್ಟವರನ್ನು ಯಾವ ನ್ಯಾಯಾಲಯವೂ ಕರೆಯಲಿಲ್ಲ.

ಸ್ವತಂತ್ರ ಭಾರತದ ಎರಡು ದಾಳಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಒಂದು, ಗೋವಾ ವಿಮೋಚನೆಯದು. 1961ರ ಡಿಸೆಂಬರ್ 18ರ ಬೆಳಿಗ್ಗೆ ನಮ್ಮ ಬೆಳಗಾವಿಯ ಸಾಂಬ್ರಾದಿಂದ ಹೊರಟ ಹಂಟರ್ ವಿಮಾನಗಳು ಬಾಂಬೋಲಿಮ್‌ನ ವೈರ್‌ಲೆಸ್ ಕೇಂದ್ರವನ್ನು ಹೊಡೆದವು. ದಾಬೋಲಿಮ್ ವಿಮಾನ ನಿಲ್ದಾಣಕ್ಕೆ ಹೋದ 12 ಕ್ಯಾನ್‌ಬೆರಾ ಬಾಂಬರುಗಳಿಗೆ ಸ್ಪಷ್ಟ ಅಪ್ಪಣೆ ಇತ್ತು: ರನ್‌ವೇ ಹಾಳು ಮಾಡಿ, ಟರ್ಮಿನಲ್ ಕಟ್ಟಡ ಮುಟ್ಟಬೇಡಿ. ಲೇಸರ್ ಇಲ್ಲದ ಕಾಲ. ಆದರೂ ಕಟ್ಟಡ ಉಳಿಯಿತು. ನಿಲ್ದಾಣದಲ್ಲಿದ್ದ ಎರಡು ನಾಗರಿಕ ವಿಮಾನಗಳಿಗೂ ಏನೂ ಆಗಲಿಲ್ಲ, ಆ ರಾತ್ರಿ ಜನರನ್ನು ಹೊತ್ತು ಅವು ಪಾರಾದವು.

ಇನ್ನೊಂದು, ಮಿಜೋ ಗುಡ್ಡಗಾಡಿನ ಐಜಾಲ್‌ನದು. 1966ರ ಮಾರ್ಚ್ 5ರಂದು, ಮಿಜೋ ನ್ಯಾಷನಲ್ ಫ್ರಂಟ್ ದಂಗೆ ಎದ್ದು ಖಜಾನೆ, ಠಾಣೆಗಳನ್ನು ಹಿಡಿದ ಬೆನ್ನಿಗೇ, ವಾಯುಪಡೆಯ ತೂಫಾನಿ ಮತ್ತು ಹಂಟರ್‌ಗಳು ಆ ಊರಿನ ಮೇಲೆ ದಾಳಿ ಮಾಡಿದವು. ಸಂತೆ, ಮನೆಗಳು ಸುಟ್ಟವು. ಜನ ಗುಡ್ಡದ ಕಾಡಿಗೆ ಓಡಿದರು. ಅವರು ಶತ್ರುದೇಶದವರಲ್ಲ, ನಮ್ಮದೇ ಪ್ರಜೆಗಳು. ವಿಮಾನಗಳು ಸೈನಿಕರನ್ನೂ ಸಾಮಗ್ರಿಯನ್ನೂ ಇಳಿಸಲು ಹೋಗಿದ್ದವು ಎಂದು ಸರ್ಕಾರ ಆಗ ಹೇಳಿತು. ಮಿಜೋರಾಂನಲ್ಲಿ ಆ ದಿನವನ್ನು ಇಂದಿಗೂ ಸ್ಮರಿಸುತ್ತಾರೆ. 2023ರಲ್ಲಿ ಲೋಕಸಭೆಯಲ್ಲಿ ವಿಷಯ ಬಂದರೂ ಅದು ಪಕ್ಷಗಳ ಜಗಳದಲ್ಲಿ ಕಳೆದುಹೋಯಿತು. ಅಂಥ ದಾಳಿಗೆ ಯಾವ ಸಮರ್ಥನೆಯೂ ಇಲ್ಲವೆಂದು ನಾನು ನಂಬಿದ್ದೇನೆ.

ಐದು ವರ್ಷ ಕಳೆಯುವುದರೊಳಗೆ, ಅದೇ ವಾಯುಪಡೆಯಿಂದ, ಎರಡು ಊರಿಗೆ ಎರಡು ವಿಧಿ. ಬದಲಾದದ್ದು ಅಪ್ಪಣೆ. ನಿಖರತೆ ಇದ್ದಾಗಲೂ ಅಪ್ಪಣೆ ತಪ್ಪಿದರೆ ಏನಾದೀತು ಎಂಬುದಕ್ಕೆ ಬಾಗ್ದಾದಿನ ಅಮೀರಿಯಾ ಸಾಕ್ಷಿ. 1991ರ ಫೆಬ್ರವರಿ 13ರಂದು ಅಮೆರಿಕದ ಎರಡು ಲೇಸರ್ ಬಾಂಬುಗಳು ಗುರಿ ಇಟ್ಟ ಕಟ್ಟಡಕ್ಕೇ ಬಿದ್ದವು. ಅದನ್ನು ಸೇನೆಯ ಕೇಂದ್ರವೆಂದು ತಿಳಿದಿದ್ದರು. ಒಳಗಿದ್ದದ್ದು ಬಾಂಬಿಗೆ ಹೆದರಿ ಆಶ್ರಯ ಪಡೆದ ಹೆಂಗಸರು, ಮಕ್ಕಳು. 400ಕ್ಕೂ ಹೆಚ್ಚು ಜನ ಸತ್ತರು.

ಎಡಿಇಯ ಎಂಜಿನಿಯರುಗಳ ಶ್ರಮವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಸೇತುವೆಯೊಂದನ್ನು ಒಡೆಯಲು ಹತ್ತಾರು ಬಾಂಬು ಸುರಿಯುವ ಬದಲು ಒಂದೇ ಸಾಕಾದರೆ ಸುತ್ತಲಿನ ಮನೆಗಳು ಉಳಿಯುತ್ತವೆ. ಅದು ನಿಜವಾದ ಲಾಭ. ಆದರೆ ಬೆಳಕನ್ನು ಎಲ್ಲಿಗೆ ಬಿಡಬೇಕೆಂದು ತೀರ್ಮಾನಿಸುವವರು ಮನುಷ್ಯರೇ, ಅವರನ್ನು ಕಟ್ಟಿಹಾಕುವ ಕಾನೂನು ಬೇಕು. ಅದನ್ನು 1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿದ ಮೊದಲ ಪ್ರೊಟೊಕಾಲ್ ಬರೆದಿಟ್ಟಿದೆ. ಅದರ 57ನೇ ವಿಧಿ, ಗುರಿ ಸೈನಿಕ ಸ್ವರೂಪದ್ದೇ ಎಂದು ಸಾಧ್ಯವಿರುವಷ್ಟೂ ಖಚಿತಪಡಿಸಿಕೊಳ್ಳಿ ಎನ್ನುತ್ತದೆ. 36ನೇ ವಿಧಿ ನೇರವಾಗಿ ಸುರಂಜನ್ ದಾಸ್ ರಸ್ತೆಯಂಥ ಕಡೆಗೇ ಬರುತ್ತದೆ: ಹೊಸ ಆಯುಧವನ್ನು ರೂಪಿಸುವಾಗಲೇ, ಅದರ ಬಳಕೆ ಕಾನೂನಿಗೆ ವಿರುದ್ಧವೇ ಎಂದು ದೇಶಗಳು ಪರಿಶೀಲಿಸಬೇಕು.

1949ರ ನಾಲ್ಕು ಜಿನೀವಾ ಒಪ್ಪಂದಗಳನ್ನು ಭಾರತ ಒಪ್ಪಿದೆ, 1960ರಲ್ಲಿ ಅದಕ್ಕೊಂದು ಕಾಯ್ದೆಯನ್ನೂ ಮಾಡಿಕೊಂಡಿದೆ. 1977ರ ಈ ಪ್ರೊಟೊಕಾಲ್‌ಗೆ ಮಾತ್ರ ಇನ್ನೂ ಸೇರಿಲ್ಲ. ದಾಬೋಲಿಮ್‌ನಲ್ಲಿ ಅಪ್ಪಣೆಯಿಂದ ಪಾಲಿಸಿದ್ದನ್ನು ಸಹಿ ಹಾಕಿ ಒಪ್ಪಲು ಈ ದೇಶಕ್ಕೆ ಅಡ್ಡಿ ಏನು ಎಂದು ನಮ್ಮ ಸಂಸದರು ಸದನದಲ್ಲಿ ಕೇಳಬೇಕು. ಆಯುಧಗಳು ತಯಾರಾಗುವ ಬೆಂಗಳೂರಿನ ಸಂಸದರು ಮೊದಲು ಕೇಳಬೇಕು.